ಆಮೆಯ ಮೂಗಿನಲ್ಲಿ ಗುಳ್ಳೆ ಕಂಡರೆ

ಸರಸ್ವತಿಪುರಂನಿಂದ ಒಬ್ಬ ಸೋದರಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂತ ಎರಡು ಸಲ ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರಾಂಶ ಇಷ್ಟು:

“ನಮ್ಮ ಮನೆಯಲ್ಲಿ ಒಂದು ಆಮೆ ಇದೆ. ಬೆನ್ನಿನ ಮೇಲೆ ಹಳದಿ ನಕ್ಷತ್ರಗಳಿವೆ. ಒಂಬತ್ತು ವರ್ಷದ ಹಿಂದೆ ಚಿಂತಾಮಣಿ ಕಡೆಯ ನೆಂಟರ ಮನೆಯಿಂದ ಮಾವನವರು ತಂದಿದ್ದು. ಅವರು ತೀರಿಕೊಂಡ ಮೇಲೆ ಅತ್ತೆಯವರು ಅದನ್ನು ನೋಡಿಕೊಂಡೇ ಹೊತ್ತು ಕಳೆಯುತ್ತಾರೆ. ಆಷಾಢದ ಜಿಟಿಜಿಟಿ ಮಳೆ ಹಿಡಿದಾಗಿನಿಂದ ಅದರ ಮೂಗಿನಲ್ಲಿ ಗುಳ್ಳೆ ಬರುತ್ತಿದೆ. ರಾತ್ರಿ ಸಿಳ್ಳೆ ಹಾಕಿದ ಹಾಗೆ ಸದ್ದು. ಐದು ದಿನದಿಂದ ಸೊಪ್ಪು ಮುಟ್ಟಿಲ್ಲ. ಪಕ್ಕದ ಮನೆಯವರು ಆಮೆ ಹೀಗೇ ನಿದ್ದೆ ಹೋಗುತ್ತೆ, ಬಿಡಿ ಅಂತಾರೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ, ಇಂಥ ಆಮೆ ಇಟ್ಟುಕೊಳ್ಳೋದೇ ಅಪರಾಧ, ಆಮೇಲೆ ನಾವೇ ಜೈಲಿಗೆ ಹೋಗಬೇಕಾಗುತ್ತೆ ಅಂತ ಯಜಮಾನರು ಹೆದರಿಸುತ್ತಾರೆ. ಹಾಗೇ ಬಿಟ್ಟರೆ ಅದು ಸಾಯುತ್ತೇನೋ ಅಂತ ನನಗೆ ಭಯ. ಏನು ಮಾಡಲಿ?”

ಸೋದರಿ, ನಿಮ್ಮ ಭಯ ಸರಿಯಾಗಿದೆ. ಯಜಮಾನರ ಭಯವೂ ಸುಳ್ಳಲ್ಲ. ಪಕ್ಕದ ಮನೆಯವರ ಮಾತು ಮಾತ್ರ ತಪ್ಪು. ಅದನ್ನೇ ಮೊದಲು ತೆಗೆದುಕೊಳ್ಳೋಣ.

ಚಳಿಗಾಲವಿಡೀ ನೆಲದೊಳಗೆ ನಿದ್ದೆ ಹೋಗುವ ಆಮೆಗಳು ಹಿಮ ಬೀಳುವ ದೇಶಗಳಲ್ಲಿವೆ. ನಮ್ಮ ನಕ್ಷತ್ರ ಆಮೆ ಆ ಜಾತಿಯದಲ್ಲ. ಅದು ಒಣ ಸೀಮೆಯ ಕುರುಚಲು ಕಾಡಿನ ಪ್ರಾಣಿ. ತುಂಬಾ ಬಿಸಿಲಾದರೆ, ತುಂಬಾ ತಂಪಾದರೆ ಪೊದೆಯ ಬುಡದಲ್ಲಿ ಸುಮ್ಮನೆ ಕೂರುತ್ತೆ, ಅಷ್ಟೆ. ಮಳೆಗಾಲದಲ್ಲಂತೂ ಅದು ಚುರುಕಾಗಿ ಓಡಾಡಿಕೊಂಡು ಮೇಯಬೇಕು. ಆ ಕಾಲದಲ್ಲಿ ಐದು ದಿನ ಊಟ ಬಿಟ್ಟು ಮೂಗಿನಲ್ಲಿ ಗುಳ್ಳೆ ಬಿಡುತ್ತಾ ಕೂತಿದ್ದರೆ ಅದು ನಿದ್ದೆಯಲ್ಲ, ಕಾಯಿಲೆ. “ಆಮೆ ತಾನೇ, ನಿಧಾನವಾಗಿಯೇ ಇರುತ್ತೆ” ಅಂತ ನಾವು ಅಂದುಕೊಳ್ಳುತ್ತಾ ಇರುವಷ್ಟರಲ್ಲಿ ಕಾಯಿಲೆ ಮೂಗಿನಿಂದ ಶ್ವಾಸಕೋಶಕ್ಕೆ ಇಳಿದಿರುತ್ತೆ.

ಇದು ಮಕ್ಕಳಿಗೆ ಬರುವ ನೆಗಡಿಯ ಹಾಗೆ ಮೂರು ದಿನ ಸುರಿದು ತಾನಾಗಿ ನಿಲ್ಲುವಂಥದ್ದಲ್ಲ. ಯಾಕೆ ಅಂತ ತಿಳಿಯಬೇಕಾದರೆ ಆಮೆ ಉಸಿರಾಡುವ ರೀತಿ ತಿಳಿಯಬೇಕು. ನಾವು ಉಸಿರೆಳೆದರೆ ಎದೆ ಉಬ್ಬುತ್ತೆ. ಆಮೆಗೆ ಎದೆ ಉಬ್ಬಿಸುವುದಕ್ಕೆ ಜಾಗವೇ ಇಲ್ಲ. ಅದರ ಪಕ್ಕೆಲುಬುಗಳೇ ಬೆಸೆದು ಚಿಪ್ಪಾಗಿವೆ. ನಮ್ಮ ಎದೆಗೂ ಹೊಟ್ಟೆಗೂ ನಡುವೆ ಇರುವ, ಉಸಿರಾಟಕ್ಕೆ ಆಧಾರವಾದ ವಪೆ ಅನ್ನುವ ಪರದೆ ನಮ್ಮಲ್ಲಿರುವ ಹಾಗೆ ಅದಕ್ಕಿಲ್ಲ. ಕಾಲಿನ ಬುಡದ ಮತ್ತು ಹೊಟ್ಟೆಯ ಸ್ನಾಯುಗಳನ್ನು ಹಿಂದೆ ಮುಂದೆ ಎಳೆದುಕೊಂಡು, ತಿದಿ ಒತ್ತಿದ ಹಾಗೆ ಅದು ಗಾಳಿ ಎಳೆದು ಬಿಡುತ್ತೆ. ಶ್ವಾಸಕೋಶ ಇರುವುದು ಬೆನ್ನಿನ ಚಿಪ್ಪಿನ ಒಳಮೈಗೆ ಅಂಟಿಕೊಂಡ ಹಾಗೆ.

ಹೀಗಿರುವುದರಿಂದ ಆಮೆಗೆ ನಮ್ಮ ಹಾಗೆ ಜೋರಾಗಿ ಕೆಮ್ಮಿ ಕಫ ಹೊರಗೆ ಹಾಕುವ ಶಕ್ತಿ ಇಲ್ಲ. ನಮಗೆ ಎಷ್ಟೇ ಕೆಮ್ಮು ಬಂದರೂ ಅದೊಂದು ಉಪಕಾರವೇ ಅನ್ನಿ. ಆಮೆಗೆ ಆ ಉಪಕಾರವಿಲ್ಲ. ಒಳಗೆ ಕೀವು, ಲೋಳೆ ಸೇರಿದರೆ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತೆ. ಅದಕ್ಕೇ ಮೂಗಿನ ಗುಳ್ಳೆಯನ್ನು ಹಗುರವಾಗಿ ಕಾಣಬಾರದು.

ಹಾಗಂತ ಪ್ರತಿಯೊಂದಕ್ಕೂ ಗಾಬರಿ ಬೀಳಬೇಡಿ. ನೀರು ಕುಡಿದ ಮೇಲೆ, ಸ್ನಾನ ಮಾಡಿಸಿದ ಮೇಲೆ ಒಂದೆರಡು ಗುಳ್ಳೆ ಬಂದು ಒಡೆದು ಹೋದರೆ ಏನೂ ಇಲ್ಲ. ಹತ್ತಿರ ಹೋದ ತಕ್ಷಣ ‘ಹಿಸ್’ ಅಂತ ತಲೆ ಒಳಗೆ ಎಳೆದುಕೊಂಡರೆ ಅದು ಹೆದರಿಕೆಯ ಸದ್ದು, ತಲೆಗೆ ಜಾಗ ಮಾಡುವುದಕ್ಕೆ ಒಳಗಿನ ಗಾಳಿ ಹೊರಗೆ ಹೋಗುವುದು. ಆದರೆ ಯಾರೂ ಮುಟ್ಟದೆ ಸುಮ್ಮನೆ ಕೂತಿರುವಾಗಲೂ ಗುಳ್ಳೆ ಮತ್ತೆ ಮತ್ತೆ ಬರುತ್ತಿದೆಯೇ? ಮೂಗಿನ ಹೊಳ್ಳೆಯ ಸುತ್ತ ಒಣಗಿದ ಪೊರೆ ಕಟ್ಟಿದೆಯೇ? ಮುಂಗಾಲಿನ ಒಳಮಗ್ಗುಲನ್ನು ನೋಡಿ. ಆಮೆ ಅಲ್ಲೇ ಮೂಗು ಒರೆಸಿಕೊಳ್ಳುವುದು, ಅಲ್ಲಿ ಒಣಗಿದ ಲೋಳೆ ಮಿನುಗುತ್ತಿದ್ದರೆ ಎಷ್ಟೋ ದಿನದಿಂದ ಸುರಿಯುತ್ತಿದೆ ಅಂತ ಅರ್ಥ. ಕಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿದ್ದರೂ ಹಾಗೆಯೇ. ಮನೆಯವರೆಲ್ಲ ಮಲಗಿ ಮಿಕ್ಸಿ, ಟೀವಿ ನಿಂತ ಮೇಲೆ ಅದರ ಪಕ್ಕ ಕಿವಿಯಿಟ್ಟು ಕೇಳಿ. ಸಿಳ್ಳೆ, ಗೊರಗೊರ, ಟಿಕ್ ಟಿಕ್ ಅನ್ನುವ ಸದ್ದು ಇದ್ದರೆ ಗುರುತು ಹಾಕಿಕೊಳ್ಳಿ.

ಇನ್ನು ಕುತ್ತಿಗೆ ಉದ್ದಕ್ಕೆ ಚಾಚಿ, ಬಾಯಿ ತೆರೆದು, ಪ್ರತಿ ಉಸಿರಿಗೂ ಮುಂಗಾಲು ಒತ್ತಿ ಒತ್ತಿ ಗಾಳಿ ಎಳೆಯುತ್ತಿದ್ದರೆ ನಾಳೆ ನೋಡೋಣ ಅನ್ನಬೇಡಿ. ಅದು ಆ ದಿನವೇ ಡಾಕ್ಟರ ಮುಂದಿರಬೇಕು.

ತೂಕ ನೋಡುವುದು ಇನ್ನೊಂದು ಒಳ್ಳೆಯ ಅಭ್ಯಾಸ. ಅಡುಗೆಮನೆಯ ತಕ್ಕಡಿಯೇ ಸಾಕು, ಮೇಲೆ ಒಂದು ಬೇರೆ ತಟ್ಟೆ ಇಟ್ಟುಕೊಳ್ಳಿ. ವಾರಕ್ಕೊಂದು ದಿನ ತೂಗಿ ಹಾಲಿನ ಲೆಕ್ಕದ ಪಕ್ಕ ಕ್ಯಾಲೆಂಡರಿನಲ್ಲಿ ಬರೆದಿಡಿ. ಚಿಪ್ಪಿನೊಳಗೆ ಆಮೆ ಸೊರಗಿದರೆ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತೆ.

ಮೈಸೂರಿನಲ್ಲಿ ಇದು ಯಾಕೆ ಬರುತ್ತೆ? ನಮ್ಮ ಊರಿನ ಹವೆ ನಮಗೆ ಸುಖ. ಆಷಾಢ ಶ್ರಾವಣದಲ್ಲಿ ವಾರಗಟ್ಟಲೆ ಮೋಡ, ರಾತ್ರಿ 20 ಡಿಗ್ರಿಯ ಆಸುಪಾಸು. ಪುಷ್ಯದ ಚಳಿಯಲ್ಲಿ ಅದಕ್ಕೂ ಕಡಿಮೆ. ನಾವು ಕಂಬಳಿ ಹೊದೆದು ಮಲಗುತ್ತೇವೆ. ಆಮೆಯ ಮೈಯಲ್ಲಿ ಸ್ವಂತ ಬಿಸಿ ಹುಟ್ಟುವುದಿಲ್ಲ, ನೆಲ ಎಷ್ಟು ತಣ್ಣಗಿದೆಯೋ ಅದೂ ಅಷ್ಟೇ ತಣ್ಣಗಾಗುತ್ತೆ. ಮೈ ತಣ್ಣಗಾದರೆ ತಿಂದದ್ದು ಜೀರ್ಣವಾಗುವುದಿಲ್ಲ, ರೋಗದ ವಿರುದ್ಧ ಹೋರಾಡುವ ಶಕ್ತಿಯೂ ಕುಗ್ಗುತ್ತೆ. ಬಹಳ ಮನೆಗಳಲ್ಲಿ ಆಮೆಗೆ ಕೊಡುವ ಜಾಗ ಯಾವುದು? ಬಚ್ಚಲುಮನೆಯ ಮೂಲೆ, ಇಲ್ಲದಿದ್ದರೆ ಹಿತ್ತಲ ಕಲ್ಲು ತೊಟ್ಟಿಯ ಪಕ್ಕ. ಆಮೆ ಅಂದರೆ ನೀರಿನ ಪ್ರಾಣಿ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ! ನಕ್ಷತ್ರ ಆಮೆ ನೆಲದ ಪ್ರಾಣಿ. ಅದಕ್ಕೆ ಒದ್ದೆ ಸಿಮೆಂಟು ನೆಲ ಅಂದರೆ ನಮ್ಮನ್ನು ರಾತ್ರಿಯಿಡೀ ಒದ್ದೆ ಸೀರೆಯಲ್ಲಿ ಕೂರಿಸಿದ ಹಾಗೆ.

ಅದರ ಮೇಲೆ ಊಟದ ದೋಷ. ಅನ್ನ, ಬ್ರೆಡ್ಡು, ಬಿಸ್ಕತ್ತು, ಹಾಲು ಇವು ಯಾವುವೂ ಅದಕ್ಕೆ ಸಲ್ಲ. ಬರೀ ಟೊಮೇಟೊ, ಸೌತೆಕಾಯಿ ಹಾಕಿ ಸಾಕುವುದೂ ಸರಿಯಲ್ಲ. ಗರಿಕೆ, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಸೊಪ್ಪು, ನುಗ್ಗೆಸೊಪ್ಪು, ಒಂದೆಲಗ ಇವು ಒಳ್ಳೆಯವು. ದಾಸವಾಳ ಇಲ್ಲದ ಹಿತ್ತಲು ಮೈಸೂರಿನಲ್ಲಿ ಎಲ್ಲಿದೆ ಹೇಳಿ. ಬೆಳಗಿನ ಬಿಸಿಲು ಮೈಮೇಲೆ ನೇರವಾಗಿ ಬೀಳಬೇಕು. ಕಿಟಕಿ ಗಾಜಿನ ಹಿಂದಿನ ಬಿಸಿಲು ಬೆಚ್ಚಗಿರುತ್ತೆ, ಆದರೆ ಮೂಳೆಗೆ ಚಿಪ್ಪಿಗೆ ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತೆ.

ಈಗ ಕೂಡಲೇ ಮಾಡಬೇಕಾದ್ದು. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಅಥವಾ ಪ್ಲಾಸ್ಟಿಕ್ ತೊಟ್ಟಿ ತೆಗೆದುಕೊಳ್ಳಿ. ತಳಕ್ಕೆ ದಿನಪತ್ರಿಕೆ ಹಾಸಿ, ದಿನಾ ಬದಲಿಸಿ. ಒಂದು ಕೊನೆಯಲ್ಲಿ ಬಲ್ಬು ತೂಗುಹಾಕಿ, ಇನ್ನೊಂದು ಕೊನೆ ಸ್ವಲ್ಪ ತಂಪಾಗಿರಲಿ, ಆಮೆ ತನಗೆ ಬೇಕಾದ ಕಡೆ ಸರಿದುಕೊಳ್ಳುತ್ತೆ. ಬಲ್ಬು ಅಂದರೆ ಹಳೆಯ ಕಾಲದ ತಂತಿ ಬಲ್ಬು, 60 ವ್ಯಾಟಿನದು. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತೆ, ಕಾವು ಕೊಡುವುದಿಲ್ಲ. ತಂತಿ ಬಲ್ಬು ಸಿಗದಿದ್ದರೆ ಕೋಳಿಮರಿಗೆ ಕಾವು ಕೊಡಲು ಬಳಸುವ ಕೆಂಪು ಬಲ್ಬು ಕೇಳಿ. ಚಿಪ್ಪಿನಿಂದ ಒಂದು ಅಡಿಗಿಂತ ಹತ್ತಿರ ಬೇಡ, ಕಾಗದಕ್ಕೆ ರಟ್ಟಿಗೆ ತಾಗುವ ಹಾಗಂತೂ ಬೇಡವೇ ಬೇಡ. ಪೆಟ್ಟಿಗೆಯೊಳಗೆ ಗೋಡೆಗೆ ಹಾಕುವ ಥರ್ಮಾಮೀಟರ್ ಒಂದಿಟ್ಟು, ಬೆಚ್ಚಗಿನ ಕಡೆ ಹಗಲೂ ರಾತ್ರಿಯೂ 28ರಿಂದ 30 ಡಿಗ್ರಿ ಇರುವ ಹಾಗೆ ನೋಡಿಕೊಳ್ಳಿ. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ದಪ್ಪ ಟವೆಲ್ ಸುತ್ತಿ ಪಕ್ಕದಲ್ಲಿಡಿ.

ದಿನಕ್ಕೊಂದು ಸಲ, ಮೊಣಕೈ ಅದ್ದಿದರೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ನಿಲ್ಲಿಸಿ. ನೀರು ಅದರ ಗಲ್ಲಕ್ಕಿಂತ ಕೆಳಗಿರಬೇಕು. ನೀವು ಪಕ್ಕದಲ್ಲೇ ಕೂತಿರಬೇಕು, ಒಲೆಯ ಮೇಲೆ ಹಾಲಿಟ್ಟು ಬಂದಿರಬಾರದು. ಊಟ ಬಿಟ್ಟ ಆಮೆಗೆ ಮೈಯಲ್ಲಿ ನೀರು ಉಳಿಯುವುದೇ ಹೀಗೆ. ಆಮೇಲೆ ಚೆನ್ನಾಗಿ ಒರೆಸಿ ಬಲ್ಬಿನ ಕೆಳಗೆ ಬಿಡಿ. ತಲೆ ಎತ್ತಲಾರದಷ್ಟು ಸೋತಿದ್ದರೆ ಈ ಸ್ನಾನ ಬೇಡ.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಸಾಂಬ್ರಾಣಿ ಹೊಗೆ ಬೇಡ, ಸೊಳ್ಳೆ ಬತ್ತಿ ಬೇಡ. ಶೀತದ ಮುಲಾಮು, ನೀಲಗಿರಿ ಎಣ್ಣೆ ಮೂಗಿಗೆ ಸವರಬೇಡಿ. ಶುಂಠಿ ಮೆಣಸಿನ ಕಷಾಯವನ್ನು ಬಾಯಿ ಬಿಡಿಸಿ ಹುಯ್ಯಬೇಡಿ, ಅದು ನೇರ ಶ್ವಾಸನಾಳಕ್ಕೆ ಹೋದರೆ ಅಲ್ಲಿಗೆ ಕಥೆ ಮುಗಿಯಿತು. ಮಗುವಿಗೆ ತಂದು ಉಳಿದ ಆ್ಯಂಟಿಬಯೋಟಿಕ್ ಸಿರಪ್ಪನ್ನು ಎರಡು ಹನಿ ಹಾಕಿ ನೋಡೋಣ ಅನ್ನುವವರಿದ್ದಾರೆ. ಬೇಡ. ನಾಯಿಗೆ, ದನಕ್ಕೆ ಹುಳ ಉಣ್ಣೆಗಳಿಗೆ ಕೊಡುವ ಐವರ್‌ಮೆಕ್ಟಿನ್ ಅನ್ನುವ ಔಷಧಿ ಆಮೆಗೆ ವಿಷ, ಪ್ರಾಣವನ್ನೇ ತೆಗೆಯುತ್ತೆ. ನಾಯಿಯ ಔಷಧಿ ಮನೆಯಲ್ಲಿದೆ ಅಂತ ಯಾರಾದರೂ ಕೊಡಲು ಬಂದರೆ ಬೇಡವೆಂದು ಹೇಳಿಬಿಡಿ.

ಬೆಚ್ಚಗಿಡುವುದು ಶುಶ್ರೂಷೆಯೇ ಹೊರತು ಚಿಕಿತ್ಸೆಯಲ್ಲ. ಗುಳ್ಳೆ ಎರಡು ದಿನ ಕಾಣದಿದ್ದರೆ ವಾಸಿಯಾಯಿತು ಅಂತಲೂ ಅಲ್ಲ. ಮೂಗಿನ ಸುರಿತಕ್ಕೆ ಕಾರಣ ಬ್ಯಾಕ್ಟೀರಿಯ ಇರಬಹುದು, ವೈರಸ್ ಇರಬಹುದು, ಮೈಕೊಪ್ಲಾಸ್ಮ ಎಂಬ ಅತಿ ಸಣ್ಣ ಜೀವಾಣು ಇರಬಹುದು. ಮೈಕೊಪ್ಲಾಸ್ಮ ಒಮ್ಮೆ ಹೊಕ್ಕರೆ ಲಕ್ಷಣವಡಗಿದ ಮೇಲೂ ಒಳಗೆ ಉಳಿದು, ಮೈ ಸೋತಾಗ ಮತ್ತೆ ತಲೆಯೆತ್ತಬಹುದು. ಡಾಕ್ಟರು ಎಕ್ಸ್‌ರೇ ತೆಗೆದು ಶ್ವಾಸಕೋಶ ನೋಡುತ್ತಾರೆ, ಮೂಗಿನ ಬಾಯಿಯ ಲೋಳೆ ಪರೀಕ್ಷೆಗೆ ಕಳಿಸಬಹುದು, ತೂಕಕ್ಕೆ ತಕ್ಕ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮುಂಗಾಲಿಗೆ ಕೊಡುತ್ತಾರೆ. ಆಮೆಯ ಮೈಯಲ್ಲಿ ಎಲ್ಲವೂ ನಿಧಾನ, ಔಷಧಿಯೂ ನಿಧಾನ. ವಾರಗಟ್ಟಲೆ ಓಡಾಡಬೇಕಾಗುತ್ತೆ. ನಡುವೆ ನಿಲ್ಲಿಸಿದರೆ ಮೊದಲಿಗಿಂತ ಕಷ್ಟ. ಎಲ್ಲ ಪಶುವೈದ್ಯರಿಗೂ ಆಮೆಯ ಅಭ್ಯಾಸ ಇರುವುದಿಲ್ಲ, ಕೇಳಲು ಸಂಕೋಚ ಬೇಡ.

ಈಗ ಯಜಮಾನರ ಮಾತಿಗೆ ಬರುತ್ತೇನೆ. ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿದೆ. ಮೊದಲು ನಾಲ್ಕನೆಯ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಹುಲಿ, ಆನೆಯ ಜೊತೆಗೆ ಮೊದಲನೆಯ ಅನುಸೂಚಿಗೆ ಸೇರಿದೆ. ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷದ ಸಜೆ. ಮನೆಯಲ್ಲಿ ಪ್ರೀತಿಯಿಂದ ಸಾಕಿದ್ದೇವೆ ಅನ್ನುವುದನ್ನು ಕಾಯಿದೆ ಕೇಳುವುದಿಲ್ಲ. ಇಷ್ಟು ಬಿಗಿ ಯಾಕೆ ಅಂದರೆ, ಈ ಆಮೆಯ ಕಳ್ಳಸಾಗಣೆ ಅಷ್ಟು ದೊಡ್ಡದು. ಕೋಲಾರ, ಚಿಕ್ಕಬಳ್ಳಾಪುರ, ಅನಂತಪುರ ಸೀಮೆಯ ಬಯಲಿನಿಂದ ಹಿಡಿದು, ಚೀಲದಲ್ಲಿ ಒಂದರ ಮೇಲೊಂದು ತುಂಬಿ ಹೊರದೇಶಕ್ಕೆ ಸಾಗಿಸುತ್ತಾರೆ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ವಾಪಸು ಬಂದವು. 2019ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಿದವು. ಒಂದು ಕಡೆ ಆಮೆ ಹೊಕ್ಕ ಮನೆ ಹಾಳು ಅನ್ನುತ್ತೇವೆ, ಇನ್ನೊಂದು ಕಡೆ ಆಮೆ ಇಟ್ಟರೆ ಲಕ್ಷ್ಮಿ ಬರುತ್ತಾಳೆ ಅಂತ ಕೊಳ್ಳುತ್ತೇವೆ. ಅದೃಷ್ಟಕ್ಕೆ ಹಿತ್ತಾಳೆ ಆಮೆ ಸಾಲದೇ?

ಕಾಯಿದೆಯ ಭಯದಿಂದ ಎರಡು ಕೆಲಸ ಮಾಡುವವರಿದ್ದಾರೆ. ಒಂದು, ಸಾಯುವವರೆಗೆ ಬಚ್ಚಿಡುವುದು. ಇನ್ನೊಂದು, ರಾತ್ರಿ ಸ್ಕೂಟರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿಗೆ ತೆಗೆದುಕೊಂಡು ಹೋಗಿ ಬಿಟ್ಟು ಬರುವುದು. ಎರಡನೆಯದು ಪುಣ್ಯದ ಕೆಲಸದ ಹಾಗೆ ಕಾಣುತ್ತೆ, ನನ್ನ ಮಟ್ಟಿಗೆ ಅದೇ ಹೆಚ್ಚು ಕೆಟ್ಟದ್ದು. ಜ್ವರದ ಮೈಯನ್ನು ಮಳೆಗೆ ನೂಕಿದ ಹಾಗಾಯಿತು ಎನ್ನುವುದು ಒಂದು. ಅದರ ರೋಗ ಕಾಡಿನ ಆರೋಗ್ಯವಂತ ಆಮೆಗಳಿಗೆ ಹರಡುತ್ತೆ ಎನ್ನುವುದು ಇನ್ನೊಂದು. ಅಮೆರಿಕದ ಮೊಹಾವಿ ಮರುಭೂಮಿಯ ಆಮೆಗಳಲ್ಲಿ ಇದೇ ಮೂಗು ಸುರಿಯುವ ರೋಗ 1980ರ ದಶಕದ ಕೊನೆಗೆ ಕಾಣಿಸಿಕೊಂಡಿತು. ಕಾರಣ ಮೈಕೊಪ್ಲಾಸ್ಮ ಅಂತ 1990ರ ದಶಕದಲ್ಲಿ ತೋರಿಸಿಕೊಟ್ಟರು. ಮನೆಗಳಲ್ಲಿ ಸಾಕಿದ ಆಮೆಗಳನ್ನು ತಂದು ಬಿಟ್ಟಿದ್ದೂ ರೋಗ ಹರಡಿದ ದಾರಿಗಳಲ್ಲಿ ಒಂದಿರಬೇಕು ಅಂತ ಅಲ್ಲಿನ ತಜ್ಞರ ಶಂಕೆ.

ಹಾಗಾದರೆ ದಾರಿ? ವನ್ಯಜೀವಿ ಯಾರ ಕೈಗಾದರೂ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಇಲ್ಲವೇ ಅಧಿಕಾರಿಗೆ ತಿಳಿಸಬೇಕು ಅನ್ನುತ್ತೆ ಕಾಯಿದೆ. ನಿಮ್ಮ ಮನೆಯಲ್ಲಿ ಒಂಬತ್ತು ವರ್ಷ ಕಳೆದಿದೆ. ಹಾಗಾಗಿ ಏನೂ ಆಗುವುದಿಲ್ಲ ಅಂತ ನಾನು ಕೂತಲ್ಲಿಂದ ಭರವಸೆ ಕೊಡುವುದು ನ್ಯಾಯವಲ್ಲ. ಆದರೆ ಸಿಕ್ಕಿಬಿದ್ದವರಿಗೂ, ಕಾಯಿಲೆಯ ಪ್ರಾಣಿಯನ್ನು ತಾವಾಗಿ ತಂದು “ಇದನ್ನು ಉಳಿಸಿಕೊಡಿ” ಅಂದವರಿಗೂ ನೋಡುವವರ ಕಣ್ಣಿನಲ್ಲಿ ವ್ಯತ್ಯಾಸ ಇದ್ದೇ ಇರುತ್ತೆ. ಗುರುತಿನ ವಕೀಲರನ್ನು ಒಂದು ಮಾತು ಕೇಳಿಕೊಂಡು, ಆಮೆ ಎಲ್ಲಿಂದ ಯಾವಾಗ ಬಂತು, ಯಾವ ದಿನದಿಂದ ಹುಷಾರಿಲ್ಲ ಅಂತ ಒಂದು ಹಾಳೆಯಲ್ಲಿ ನಿಜ ಬರೆದು, ಅಶೋಕಪುರಂನ ಅರಣ್ಯ ಭವನಕ್ಕೆ ಯಜಮಾನರೂ ನೀವೂ ಒಟ್ಟಿಗೆ ಹೋಗಿ. ಒಬ್ಬರೇ ಹೋಗಲು ಅಳುಕಾದರೆ ಮೈಸೂರಿನ ಪೀಪಲ್ ಫಾರ್ ಆ್ಯನಿಮಲ್ಸ್ ಸಂಸ್ಥೆಯವರನ್ನು ಮೊದಲು ವಿಚಾರಿಸಿ. 1892ರಲ್ಲಿ ಶುರುವಾದ ನಮ್ಮ ಮೃಗಾಲಯದಲ್ಲಿ ವನ್ಯಜೀವಿಗಳ ವೈದ್ಯರಿದ್ದಾರೆ, ಕೂರ್ಗಳ್ಳಿಯಲ್ಲಿ ಅದರದೇ ಪುನರ್ವಸತಿ ಕೇಂದ್ರವಿದೆ. ಎಲ್ಲಿಗೆ ಕಳಿಸಬೇಕೆನ್ನುವುದು ಇಲಾಖೆಯ ತೀರ್ಮಾನ. ಇದಕ್ಕೆ ವಾರ ತೆಗೆದುಕೊಳ್ಳಬೇಡಿ. ಐದು ದಿನದ ಉಪವಾಸ ಆಗಲೇ ಆಗಿದೆ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಮೊದಲು ಪಶುವೈದ್ಯರು, ಆಮೇಲೆ ಕಚೇರಿ.

ತೆಗೆದುಕೊಂಡು ಹೋಗುವಾಗ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಟವೆಲ್ ಹಾಸಿ ಇಡಿ. ಅಂಗಾತ ಮಾಡಬೇಡಿ. ಬೆನ್ನಿನ ಕಡೆ ಇರುವ ಶ್ವಾಸಕೋಶದ ಮೇಲೆ ಒಳಗಿನ ಅಂಗಗಳ ಭಾರವೆಲ್ಲ ಬಿದ್ದು ಉಸಿರು ಇನ್ನಷ್ಟು ಕಟ್ಟುತ್ತೆ.

ಅತ್ತೆಯವರಿಗೆ ಹೇಗೆ ಹೇಳುವುದು ಅಂತ ನೀವು ಕೇಳಿಲ್ಲ. ಆದರೂ ಪತ್ರ ತುಂಬ ಅದೇ ಇದೆ. ಆಮೆಯನ್ನು ಕೊಟ್ಟುಬಿಡುತ್ತೇವೆ ಅಂದರೆ ಅವರಿಗೆ ಮಾವನವರ ಕೊನೆಯ ಗುರುತೂ ಹೋಯಿತು ಅನ್ನಿಸುತ್ತೆ. ಅವರಿಗೆ ಕಾಯಿದೆ ಹೇಳಬೇಡಿ. ರಾತ್ರಿ ಅದರ ಪಕ್ಕ ಕೂರಿಸಿ ಆ ಸಿಳ್ಳೆ ಸದ್ದು ಕೇಳಿಸಿ. ಮಕ್ಕಳ ಎದೆಗೂಡಿನ ಸದ್ದು ಕೇಳಿ ಎಷ್ಟೋ ರಾತ್ರಿ ಎದ್ದು ಕೂತ ಜೀವ ಅದು, ಅವರಿಗೇ ಗೊತ್ತಾಗುತ್ತೆ. ಕಚೇರಿಗೆ ಬರುತ್ತೇನೆ ಅಂದರೆ ಅವರನ್ನೂ ಕರೆದುಕೊಂಡು ಹೋಗಿ, ಪೆಟ್ಟಿಗೆ ಅವರ ಮಡಿಲಲ್ಲೇ ಇರಲಿ.

ಕುವೆಂಪುನಗರದ ಇನ್ನೊಬ್ಬ ಸೋದರಿಯದು ಬೇರೆ ಸಮಸ್ಯೆ. ಅಂಗಡಿಯಲ್ಲಿ ಕೊಂಡ, ಕಿವಿಯ ಹತ್ತಿರ ಕೆಂಪು ಪಟ್ಟೆಯ ನೀರಾಮೆ, ಒಂದು ಕಡೆಗೆ ವಾಲಿಕೊಂಡು ಈಜುತ್ತಿದೆಯಂತೆ. ವಾಲುವುದಕ್ಕೆ ಹೊಟ್ಟೆಯ ವಾಯುವೂ ಕಾರಣವಾಗಬಹುದು. ಆದರೆ ಒಂದು ಶ್ವಾಸಕೋಶದಲ್ಲಿ ಕೀವು ತುಂಬಿ ಭಾರವಾದಾಗಲೂ ನೀರಾಮೆ ಹೀಗೇ ವಾಲುತ್ತೆ. ಇದು ಅಮೆರಿಕ ಮೂಲದ ಜಾತಿ, ನಮ್ಮ ಕಾಡಿನದಲ್ಲ. ಡಾಕ್ಟರ ಹತ್ತಿರ ಹೋಗಲು ಅಂಜಿಕೆ ಬೇಡ, ಇವತ್ತೇ ಹೋಗಿ. ತೊಟ್ಟಿಯ ನೀರು ತಣ್ಣಗಿದ್ದರೆ ಬೆಚ್ಚಗೆ ಮಾಡಿ, ಹತ್ತಿ ಕೂತು ಮೈ ಒಣಗಿಸಿಕೊಳ್ಳಲು ಒಂದು ಇಟ್ಟಿಗೆ ಇಟ್ಟು ಅದರ ಮೇಲೆ ಬಲ್ಬು ಹಾಕಿ. ಬರೀ ಒಣ ಸೀಗಡಿ ಹಾಕಿ ಸಾಕಿದರೆ ಎ ಜೀವಸತ್ವ ಸಾಲದೆ ಕಣ್ಣು ಊದುತ್ತೆ, ಮೂಗಿನ ಒಳಪೊರೆ ಕೆಡುತ್ತೆ, ರೋಗಕ್ಕೆ ಬಾಗಿಲು ತೆರೆದ ಹಾಗೆ. ಸಾಕಿ ಸಾಕಾಯಿತು ಅಂತ ಕುಕ್ಕರಹಳ್ಳಿ ಕೆರೆಗೋ ಕಾರಂಜಿ ಕೆರೆಗೋ ಬಿಡಬೇಡಿ, ಅಲ್ಲಿನ ನಮ್ಮ ಆಮೆಗಳ ಅನ್ನಕ್ಕೆ ಅದು ಕಲ್ಲು ಹಾಕುತ್ತೆ.

ಇಬ್ಬರಿಗೂ ಸೇರಿಸಿ ಒಂದು ಮಾತು. ಆಮೆಯ ಶ್ವಾಸದ ಕಾಯಿಲೆ ಸಾಮಾನ್ಯವಾಗಿ ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲ ಎಂಬ ಭೇದಿಯ ಕ್ರಿಮಿ ಇರಬಹುದು. ಮರಿ ಆಮೆಗಳಿಂದ ಮಕ್ಕಳಿಗೆ ಇದು ಹರಡುತ್ತದೆಂದೇ ಅಮೆರಿಕದಲ್ಲಿ 1975ರಿಂದ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟಕ್ಕೆ ತಡೆ ಇದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಯನ್ನೂ ತೊಳೆಸಿ. ತೊಟ್ಟಿಯ ನೀರನ್ನು ಪಾತ್ರೆ ತೊಳೆಯುವ ಸಿಂಕಿಗೆ ಸುರಿಯದೆ ಕಕ್ಕಸಿಗೆ ಸುರಿಯಿರಿ, ತೊಟ್ಟಿ ಉಜ್ಜುವ ನಾರನ್ನು ಬೇರೆಯೇ ಇಟ್ಟುಕೊಳ್ಳಿ.